ಡಿಪಿಯಲ್ಲಿ ನಾನೇ ಇರ್ಬಾರ್ದಾ?

ಮೊನ್ನೆ ರಾತ್ರಿ ಪಾತ್ರೆ ತೊಳೆದಿಟ್ಟು, ಸೆರಗಿಗೆ ಕೈ ಒರೆಸ್ಕೊಂಡು, ನಮ್ಮ ಬೀದಿ ಹೆಂಗಸರ ವಾಟ್ಸಾಪ್ ಗುಂಪು ತೆಗೆದು ಕೂತೆ. ಮಾತಾಡೋಕಲ್ಲ, ಸುಮ್ನೆ ಒಬ್ಬೊಬ್ಬರ ಡಿಪಿ ನೋಡೋಕೆ. ಚಾಮುಂಡೇಶ್ವರಿ ನಾಲ್ಕು ಕಡೆ, ರಾಯರು ಮೂರು ಕಡೆ. ಮಿಕ್ಕಿದ್ದು ಮೊಮ್ಮಗು, ಮಗಳ ಮದುವೆ, ಗುಲಾಬಿ ಹೂವು, ಮಗ ತಗೊಂಡ ಕಾರು. 26 ಜನರಲ್ಲಿ ತನ್ನ ಮುಖ ಒಂದನ್ನೇ ಹಾಕ್ಕೊಂಡಿರೋರು ಇಬ್ಬರೇ ಇಬ್ಬರು. ನಂದೇನಿತ್ತು ಅಂತೀರಾ? ಬಾಗಿಲ ಮುಂದಿನ ರಂಗೋಲಿ.

ದೇವರ ಫೋಟೊ ಹಾಕೋದು ತಪ್ಪು ಅಂತ ನಾನು ಹೇಳ್ತಿಲ್ಲ ಕಣ್ರೀ. ನನ್ನ ರಂಗೋಲಿನೂ ನನ್ನ ಗುರುತೇ, ಆ ಎಳೆ ಎಳೆದ ಕೈ ನಂದೇ. ಆದ್ರೆ ಮುಖ ಯಾಕೆ ಹಾಕ್ಲಿಲ್ಲ ಅಂತ ಕೇಳ್ಕೊಂಡಾಗ ಸಿಕ್ಕ ಉತ್ತರ ಭಕ್ತಿಯಲ್ಲ, ಸಂಕೋಚ. "ಈ ವಯಸ್ಸಲ್ಲಿ ಶೋಕಿ ನೋಡು" ಅಂದ್ಬಿಟ್ರೆ?

ನಮ್ಮಮ್ಮನಿಗೂ ಇದೇ ಸಂಕೋಚ. ಕ್ಯಾಮೆರಾ ಕಂಡ್ರೆ "ನಂದೇನಿದೆ, ಮಕ್ಕಳದ್ದು ತೆಗೀರಿ" ಅಂತ ಒಳಗೆ ಹೋಗೋಳು. ಅವಳು ತೀರ್ಕೊಂಡಾಗ ಗೋಡೆಗೆ ಹಾಕೋಕೆ ಫೋಟೊ ಬೇಕಾಯ್ತು. ಮೂರು ಆಲ್ಬಂ ಹುಡುಕಿದ್ವಿ. ಪಂಕ್ತಿಯಲ್ಲಿ ಬಗ್ಗಿ ಬಡಿಸ್ತಿರೋ ಅಮ್ಮ, ಆರತಿ ತಟ್ಟೆ ಹಿಂದೆ ಅರ್ಧ ಮುಖದ ಅಮ್ಮ. ಒಬ್ಬಳೇ ನಿಂತಿರೋದು ಒಂದೂ ಇಲ್ಲ. ಕಡೆಗೆ ತಂಗಿ ಮದುವೆಯ ಗ್ರೂಪ್ ಫೋಟೊದಿಂದ ಮುಖ ಕತ್ತರಿಸಿ, ಒಂದು ಸ್ಟುಡಿಯೋದವರು ದೊಡ್ಡದು ಮಾಡ್ಕೊಟ್ರು. ಕೆನ್ನೆ ನುಣ್ಣಗಾಗಿತ್ತು. ಹುಬ್ಬಿನ ಮೇಲೆ ಒಗ್ಗರಣೆ ಎಣ್ಣೆ ಸಿಡಿದ ಕಲೆ ಇರ್ಲಿಲ್ಲ. ನನ್ನ ಮಗಳು ನೋಡಿ, "ಅಜ್ಜಿ ಹೀಗಿದ್ರಾ?" ಅಂದ್ಲು. ಹೂಂ ಅಂದೆ. ಆ ಸುಳ್ಳು ಇವತ್ತಿಗೂ ಚುಚ್ಚುತ್ತೆ.

2025ರ ಸೆಪ್ಟೆಂಬರಲ್ಲಿ ಎಲ್ಲರ ಸ್ಟೇಟಸ್ಸಲ್ಲೂ ಎಐ ಸೀರೆ ಫೋಟೊಗಳು ತುಂಬಿದ್ವಲ್ಲ, ಆಗ ಮಗಳು ನಂದೂ ಒಂದು ಮಾಡಿದ್ಲು. "ಮೈಸೂರು ಸಿಲ್ಕೇ ಉಡಿಸು ಕಣೇ" ಅಂದಿದ್ದೆ. 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ನಮ್ಮೂರ ರೇಷ್ಮೆ ಅಲ್ವಾ? ಬಂದಿದ್ದು ಗಾಳಿಗೆ ಹಾರೋ ಶಿಫಾನು. ಸೊಂಟ ಸಣ್ಣ, ಕೂದಲು ಕಪ್ಪು, ಕಿವಿ ಮೇಲೊಂದು ಹೂವು. ನಮ್ಮನೆಯವರು ಕನ್ನಡಕ ಏರಿಸ್ಕೊಂಡು ನೋಡಿ, "ಚೆನ್ನಾಗಿದೆ, ಯಾರಿದು?" ಅಂದ್ರು! ನಕ್ಕು ನಕ್ಕು ಸಾಕಾಯ್ತು. ರಾತ್ರಿ ಮಲಗಿದಾಗ ಮಾತ್ರ ಅಮ್ಮನ ಫೋಟೊ ನೆನಪಾಯ್ತು. ಸ್ಟುಡಿಯೋದವರು ಅವಳಿಗೆ ಮಾಡಿದ್ದನ್ನ ನಾನು ಬದುಕಿದ್ದಾಗಲೇ ನನಗೆ ಮಾಡ್ಕೊಂಡಿದ್ದೆ.

ಜಗನ್ಮೋಹನ ಅರಮನೆಯ ದೀಪ ಹಿಡಿದ ಹೆಂಗಸಿನ ಚಿತ್ರ ನೋಡದ ಮೈಸೂರಿನೋರು ಯಾರಿದ್ದಾರೆ? ಅಂಗೈಯಲ್ಲಿ ಬೆಳಕು ಮುಚ್ಚಿ ನಿಂತಿರ್ತಾಳಲ್ಲ, ಅವಳೇ. ರವಿವರ್ಮ ಬರೆದಿದ್ದು ಅಂತಲೇ ನಾನೂ ಎಷ್ಟೋ ವರ್ಷ ನಂಬಿದ್ದೆ. ಅಲ್ಲ, ಅದು ಎಸ್.ಎಲ್. ಹಲ್ದಂಕರ್ ಅವರ ಜಲವರ್ಣ. ದೀಪ ಹಿಡ್ಕೊಂಡು ನಿಂತವಳು ಅವರ ಮಗಳು ಗೀತಾ. ಆಕೆ 102 ವರ್ಷ ಬಾಳಿ, 2018ರಲ್ಲಿ ಕೊಲ್ಹಾಪುರದಲ್ಲಿ ತೀರ್ಕೊಂಡ್ರು. ಮುಖ ಊರಿಗೆಲ್ಲ ಗೊತ್ತು, ಹೆಸರು ಎಷ್ಟು ಜನಕ್ಕೆ ಗೊತ್ತು? ಆಕೆಯನ್ನ ಬರೆಯೋಕೆ ಅಪ್ಪ ಇದ್ರು. ನಮ್ಮಮ್ಮಂಗೆ ಅಂಥೋರು ಯಾರೂ ಇರ್ಲಿಲ್ಲ. ನಮಗೆ ಈಗ ಯಾರೂ ಬೇಕಿಲ್ಲ, ಫೋನು ನಮ್ಮ ಕೈಯಲ್ಲೇ ಇದೆ.

"ಫೋಟೊ ಯಾರ್ಯಾರೋ ತಗೊಂಡು ಏನೇನೋ ಮಾಡ್ತಾರೆ" ಅಂತ ಪಕ್ಕದ ಮನೆ ಅಕ್ಕ ಹೆದರಿಸಿದ್ರು. ಹೆದರಿಕೆ ಸುಳ್ಳಲ್ಲ. ಅದಕ್ಕೇ ವಾಟ್ಸಾಪಿನ ಸೆಟ್ಟಿಂಗ್ಸಲ್ಲಿ ಪ್ರೈವೆಸಿಗೆ ಹೋಗಿ, ಪ್ರೊಫೈಲ್ ಫೋಟೊ ಒತ್ತಿ, "ಮೈ ಕಾಂಟ್ಯಾಕ್ಟ್ಸ್" ಅಂತ ಇಟ್ಕೊಳ್ಳಿ. ಆಗ ಡಿಪಿ ನಮ್ಮ ಫೋನಲ್ಲಿ ನಂಬರ್ ಇರೋರಿಗೆ ಮಾತ್ರ ಕಾಣುತ್ತೆ. ಅವರಲ್ಲೂ ಯಾರಾದ್ರೂ ಬೇಡ ಅನ್ನಿಸಿದ್ರೆ, ಅವರನ್ನ ಬಿಟ್ಟು ಮಿಕ್ಕೋರಿಗೆ ತೋರಿಸೋ ಆಯ್ಕೆನೂ ಅಲ್ಲೇ ಇದೆ.

ಎಐ ಚಿತ್ರ ಮಾಡ್ಬೇಡಿ ಅಂತಲೂ ನಾನನ್ನಲ್ಲ. ಹಬ್ಬಕ್ಕೆ ಅಲಂಕಾರ ಮಾಡ್ಕೊಂಡ ಹಾಗೆ, ಒಂದು ದಿನದ ಖುಷಿ ಅದು. ಆದ್ರೆ ಅದರ ಜೊತೆ ಒಂದಾದ್ರೂ ಇದ್ದ ಹಾಗೇ ಇರ್ಲಿ. ನರೆ, ಕನ್ನಡಕ, ಕಣ್ಣ ಕೆಳಗಿನ ಕಪ್ಪು, ಎಲ್ಲ ಸೇರಿ.

ನಿನ್ನೆ ಸಂಜೆ ಬಟ್ಟೆ ತೆಗೆಯೋಕೆ ತಾರಸಿಗೆ ಹೋದವಳು, ಅಲ್ಲೇ ನಿಂತು ಒಂದು ತೆಗೆದ್ಕೊಂಡೆ. ಹಿಂದೆ ಒಣಗೋ ಟವೆಲ್ಲು, ಅದರಾಚೆ ಚಾಮುಂಡಿ ಬೆಟ್ಟ. ನಗು ಸ್ವಲ್ಪ ಸೊಟ್ಟ ಬಂದಿದೆ. ಅದನ್ನೇ ಡಿಪಿಗೆ ಹಾಕ್ದೆ. ಈ ಸಲ ನಮ್ಮನೆಯವರು ಯಾರಿದು ಅಂತ ಕೇಳ್ಲಿಲ್ಲ. "ಟವೆಲ್ ಒಳಗೆ ತಂದ್ಯಾ?" ಅಂದ್ರು.

ನೀವೂ ಒಂದು ತೆಗೆದಿಡಿ. ನಾಳೆ ನಮ್ಮ ಮಕ್ಕಳು ಹುಡುಕುವಾಗ ಗ್ರೂಪ್ ಫೋಟೊ ಕತ್ತರಿಸೋ ಹಾಗಾಗ್ಬಾರ್ದು.