ನಿಪ್ಪಾಣಿಯ ತಂಬಾಕು

ನಮ್ಮ ದಿಗ್ಗೇವಾಡಿಯಿಂದ ಪಶ್ಚಿಮಕ್ಕೆ ಚಿಕ್ಕೋಡಿ ದಾಟಿದರೆ ನಿಪ್ಪಾಣಿ. ತಂಬಾಕು ಮತ್ತು ಬೀಡಿಯಿಂದ ಬೆಳೆದ ಪೇಟೆಯಿದು.

ಅಮೆರಿಕ ಖಂಡದ ಈ ಗಿಡವನ್ನು ನಮ್ಮಲ್ಲಿಗೆ ತಂದವರು ಪೋರ್ತುಗೀಸರು. 1604ರ ಸುಮಾರಿಗೆ ಅಕ್ಬರನ ದೂತ ಅಸದ್ ಬೇಗ್ ತಂಬಾಕನ್ನು ಕಂಡು ಬಾದಶಹನಿಗೆ ಒಯ್ದದ್ದು ನಮ್ಮ ವಿಜಾಪುರದಿಂದಲೇ!

ತಂಬಾಕಿನ ನಿಕೋಟಿನ್ ಎಲೆಯಲ್ಲಿ ಹುಟ್ಟುತ್ತದೆಂದು ವಿದ್ಯಾರ್ಥಿಗಳು ತಿಳಿಯುವುದುಂಟು. ಅದು ತಯಾರಾಗುವುದು ಬೇರಿನಲ್ಲಿ. ಅಲ್ಲಿಂದ ಎಲೆಗೆ ಏರುತ್ತದೆ. ಹೂ ಬಿಡುವ ಹೊತ್ತಿಗೆ ರೈತರು ಕುಡಿ ಚಿವುಟುವುದೇಕೆ? ಬೀಜಕ್ಕೆ ಹೋಗಬೇಕಾದ ಸತ್ವ ಎಲೆಗೆ ಸೇರಿ ಅದು ದಪ್ಪವಾಗುತ್ತದೆ, ನಿಕೋಟಿನ್ನೂ ಹೆಚ್ಚುತ್ತದೆ.

ಈ ಬೆಳೆಗೆ ನ್ಯಾಯವಾದ ಬೆಲೆ ಕೇಳಿ 1981ರಲ್ಲಿ ರೈತರು ಶರದ್ ಜೋಶಿಯವರ ನಾಯಕತ್ವದಲ್ಲಿ ಹೆದ್ದಾರಿ ತಡೆದು ಕುಳಿತರು. ಪೊಲೀಸರ ಗುಂಡಿಗೆ ಹಲವರು ಬಲಿಯಾದರು.

ತಂಬಾಕು ಬೀಡಿಯಾಗುವುದು ಹೆಚ್ಚಾಗಿ ಹೆಣ್ಣುಮಕ್ಕಳ ಕೈಯಲ್ಲಿ. ಬೀಡಿ ಸೇದದಿದ್ದರೂ ನಿಕೋಟಿನ್ ಚರ್ಮದ ಮೂಲಕ ಮೈ ಸೇರುತ್ತದೆ. ಧೂಳು ಉಸಿರಿನೊಡನೆ ಒಳಹೋಗುತ್ತದೆ. ಬೀಡಿ ಕೆಲಸಕ್ಕೆ 14 ವರ್ಷದೊಳಗಿನ ಮಕ್ಕಳನ್ನು ಹಚ್ಚಬಾರದೆಂದು 1986ರ ಕಾಯ್ದೆ ಹೇಳಿತು. ಆದರೆ ಮನೆಯವರೊಡನೆ ಮನೆಯಲ್ಲೇ ದುಡಿಯುವ ಮಗುವನ್ನು ಅದು ಹೊರಗಿಟ್ಟಿತು. ಆ ಮಗುವನ್ನು ಕಾಯಬೇಕಾದವರು ಪಾಲಕರೇ.

ವಿದ್ಯಾರ್ಥಿಗಳೇ, ನಿಮ್ಮ ಅವ್ವ ಬೀಡಿ ಕಟ್ಟುತ್ತಿದ್ದರೆ ಕಿಟಕಿ ತೆರೆದಿಡಿ. ಸೋಪು ಹಚ್ಚಿ ಕೈ ತೊಳೆದೇ ಊಟಕ್ಕೆ ಕೂಡಲು ಹೇಳಿ. ಪಾಲಕರೇ, ನಾಲ್ಕು ಬೀಡಿ ಹೆಚ್ಚು ಆಗಲೆಂದು ಮಗಳ ಕೈಯಿಂದ ಪುಸ್ತಕ ಇಳಿಸಿ ಮೊರ ಕೊಡಬೇಡಿ. ಕುಡಿ ಚಿವುಟುವುದು ತಂಬಾಕಿಗೆ ಸರಿ, ಮಕ್ಕಳ ಓದಿಗಲ್ಲ.