ಕಾನಿನ ಮಹಾವೃಕ್ಷಗಳನ್ನು ಉಳಿಸಿಕೊಡುವಂತೆ ಕರ್ನಾಟಕ ಜೀವವೈವಿಧ್ಯ ಮಂಡಳಿಗೆ ಮನವಿ ಪತ್ರ

ಗೆ,
ಮಾನ್ಯ ಅಧ್ಯಕ್ಷರು ಹಾಗೂ ಸದಸ್ಯರು,
ಕರ್ನಾಟಕ ಜೀವವೈವಿಧ್ಯ ಮಂಡಳಿ,
ಬೆಂಗಳೂರು.

ಇಂದ,
ಸಿದ್ದಾಪುರ, ಸಾಗರ ಹಾಗೂ ಸೊರಬ ತಾಲ್ಲೂಕುಗಳ ಕಾನಂಚಿನ ಊರುಗಳ ನಿವಾಸಿಗಳು.

ವಿಷಯ: ಮಲೆನಾಡಿನ ಕಾನು ಅರಣ್ಯಗಳಲ್ಲಿ ಉಳಿದಿರುವ ಹಳೆಯ ಮಹಾವೃಕ್ಷಗಳ ಗಣತಿ ನಡೆಸಿ, ಅವು ನಿಂತ ನೆಲಕ್ಕೆ ಶಾಶ್ವತ ರಕ್ಷಣೆ ಒದಗಿಸುವ ಬಗ್ಗೆ.

ಮಾನ್ಯರೇ,

ಈ ಕೆಳಗೆ ಸಹಿ ಮಾಡಿರುವ ನಾವು ಅಡಿಕೆ ತೋಟ, ಗದ್ದೆ, ಜೇನು ಮತ್ತು ಕಾಡಿನ ಉತ್ಪನ್ನ ನಂಬಿ ಬದುಕುವ ಜನ. ನಮ್ಮ ತೋಟದ ನೀರು ಕಾನಿನಿಂದ ಬರುತ್ತದೆ. ನಮ್ಮ ಚೌಡಿ, ಜಟಕ, ಹುಲಿದೇವರು ಇರುವುದೂ ಕಾನಿನಲ್ಲೇ. ಆ ಕಾನಿನ ಅತಿ ಹಳೆಯ ಮರಗಳು ಒಂದೊಂದಾಗಿ ಇಲ್ಲವಾಗುತ್ತಿವೆ. ಅವುಗಳ ಬದಲಿಗೆ ಸಸಿ ನೆಟ್ಟರೆ ಲೆಕ್ಕ ಸರಿಹೋಯಿತು ಎಂಬ ನಂಬಿಕೆ ಆಡಳಿತದಲ್ಲಿ ಬೇರೂರಿದೆ. ಈ ಲೆಕ್ಕ ತಪ್ಪು ಎಂದು ತಮ್ಮ ಮುಂದೆ ಸವಿನಯವಾಗಿ, ಆದರೆ ಸ್ಪಷ್ಟವಾಗಿ ಹೇಳಲು ಈ ಮನವಿ ಸಲ್ಲಿಸುತ್ತಿದ್ದೇವೆ.

ಹಿನ್ನೆಲೆ

ಕಾನು ಎಂದರೆ ಹಿರಿಯರು ದೇವರ ಹೆಸರಿನಲ್ಲಿ ಕೊಡಲಿ ಹಾಕದೆ ಬಿಟ್ಟ ನಿತ್ಯಹರಿದ್ವರ್ಣ ಕಾಡು. 1801ರಲ್ಲಿ ಈ ಸೀಮೆಯನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್, ಮೆಣಸಿನ ಬಳ್ಳಿ ಹಬ್ಬಿದ ಇಂಥ ಕಾಡುಗಳನ್ನು ತಮ್ಮ ಪ್ರವಾಸ ಕಥನದಲ್ಲಿ ದಾಖಲಿಸಿದ್ದಾರೆ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಅವರು ಸಲ್ಲಿಸಿದ ವರದಿಯ ಪ್ರಕಾರ ಸೊರಬ ತಾಲ್ಲೂಕೊಂದರಲ್ಲೇ 171 ಕಾನುಗಳಿದ್ದವು; ಅವುಗಳ ವಿಸ್ತೀರ್ಣ 32 ಸಾವಿರ ಎಕರೆಗೂ ಹೆಚ್ಚು. ಆಮೇಲೆ ರೈಲ್ವೆ ಸ್ಲೀಪರಿಗೆ, ಪ್ಲೈವುಡ್ಡಿಗೆ ಮರ ಹೋಯಿತು; ಒತ್ತುವರಿಗೆ ನೆಲ ಹೋಯಿತು. 1983ರಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯಲ್ಲಿ ಜನ ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೋ ಚಳವಳಿ ಹುಟ್ಟಿತು. ಇಂದು ಉಳಿದಿರುವ ಕಾನುಗಳು ಹಿರಿಯರ ಹರಕೆಯಿಂದ ಮತ್ತು ಆ ಹೋರಾಟದಿಂದ ಉಳಿದವು.

ನಾವು ಕಣ್ಣಾರೆ ಕಂಡದ್ದು

ಕಳೆದ ಬೇಸಿಗೆಯಲ್ಲಿ ನಮ್ಮ ಊರಿನ ಕಾನಿನಲ್ಲಿ ಒಂದು ಧೂಮದ ಮರವನ್ನು ಅಳೆದೆವು. ಮೂವರು ಕೈಕೈ ಹಿಡಿದು ತಬ್ಬಿದರೂ ಸಾಲದೆ ನಾಲ್ಕನೆಯವರು ಸೇರಬೇಕಾಯಿತು. ಹಗ್ಗ ಬಿಚ್ಚಿ ಅಳೆದಾಗ ಹದಿನೆಂಟು ಅಡಿ. ತಲೆ ಎತ್ತಿದರೆ ಮೊದಲ ಕೊಂಬೆ ಬರುವವರೆಗೆ ನೆಟ್ಟಗೆ ಕಂಬದಂಥ ಕಾಂಡ; ಸುತ್ತಲಿನ ಮರಗಳ ನೆತ್ತಿ ಎಲ್ಲಿ ಮುಗಿಯುತ್ತದೋ ಅಲ್ಲಿಂದಾಚೆಗೆ ಇದರ ಕೊಡೆ ಬಿಚ್ಚಿಕೊಳ್ಳುತ್ತದೆ. ಸುತ್ತಣ ನೆಲದಲ್ಲಿ ಅದರದೇ ಸಸಿಗಳು ಮೊಣಕಾಲೆತ್ತರಕ್ಕೆ ನಿಂತಿದ್ದವು. ಅವನ್ನು ಊರಿನ ಹಿರಿಯರೊಬ್ಬರು ಹತ್ತಾರು ವರ್ಷದಿಂದ ಅಷ್ಟೇ ಎತ್ತರದಲ್ಲಿ ಕಾಣುತ್ತಿದ್ದಾರೆ.

ಇನ್ನೊಂದು ಘಟನೆ ಹೇಳಲೇಬೇಕು. ನಮ್ಮ ಸೀಮೆಯ ಒಂದು ರಸ್ತೆ ಕಾಮಗಾರಿಯಲ್ಲಿ ಭಾರೀ ತಾರೆ ಮರವೊಂದನ್ನು ‘ಪೊಳ್ಳು, ಅಪಾಯಕಾರಿ’ ಎಂದು ಬರೆದು ಉರುಳಿಸಲಾಯಿತು. ನಾವು ಹೋಗಿ ನೋಡುವಾಗ ಬಿದ್ದ ಮರದ ಪೊಟರೆಯ ಬಾಯಲ್ಲಿ ಮಂಗಟ್ಟೆ ಹಕ್ಕಿ ಮೆತ್ತಿದ ಗಾರೆ ಇನ್ನೂ ಪೂರ್ತಿ ಒಣಗಿರಲಿಲ್ಲ. ಬದಲಿಗೆ ಹತ್ತು ಸಸಿ ನೆಡಲಾಗುವುದು ಎಂದು ಕಡತದಲ್ಲಿದೆ. ಆ ಹತ್ತರಲ್ಲಿ ಯಾವುದಾದರೂ ಒಂದು ಬದುಕಿ ಉಳಿದರೂ ಅದರಲ್ಲಿ ಮಂಗಟ್ಟೆ ಗೂಡು ಕಟ್ಟುವುದನ್ನು ನಮ್ಮ ಮೊಮ್ಮಕ್ಕಳೂ ನೋಡಲಾರರು.

ವಿಜ್ಞಾನ ಹೇಳುವುದು

ತಮ್ಮ ಅವಗಾಹನೆಗಾಗಿ ಕೆಲವು ಸಂಗತಿಗಳನ್ನು ಮುಂದಿಡುತ್ತಿದ್ದೇವೆ.

ಒಂದು, ಬೆಳವಣಿಗೆ. ದಟ್ಟ ಕಾನಿನ ನೆಲಕ್ಕೆ ಬಿಸಿಲು ಅಲ್ಪಸ್ವಲ್ಪವೇ ಇಳಿಯುತ್ತದೆ. ನೆರಳು ಸಹಿಸುವ ಸಸಿಗಳು ವರ್ಷಗಟ್ಟಲೆ ಕುಳ್ಳಗೆ ಕಾಯುತ್ತವೆ. ಹಿರಿಯ ಮರವೊಂದು ಬಿದ್ದು ಮೇಲೆ ಕಿಂಡಿ ತೆರೆದಾಗ ಮಾತ್ರ ಅವುಗಳ ಸರದಿ. ಕೊಡಗಿನ ಉಪ್ಪಂಗಳದಲ್ಲಿ ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯವರು ಸುಮಾರು 1990ರಿಂದ ಇಂಥ ಕಾಡನ್ನು ಅಳೆಯುತ್ತ ಬಂದಿದ್ದಾರೆ. ಅಲ್ಲಿ ಕಾಡು ಅಂತಸ್ತಿನ ಮನೆಯಂತಿದೆ: ಕೆಳಗೆ ಗಿಡ್ಡ ಮರಗಳು, ನಡುವೆ ರಾಮಪತ್ರೆಯ ಜಾತಿ, ಅದರ ಮೇಲೆ ಸಾಲುಧೂಪ, ಎಲ್ಲಕ್ಕೂ ಮೇಲೆ ತಲೆ ಎತ್ತಿದ ಧೂಮ. ಒಂದು ಮರವಲ್ಲ, ಮೇಲಿನ ಅಂತಸ್ತೇ ಕುಸಿದರೆ ಕೆಳಗಿನವು ಬಿಸಿಲಿಗೆ ಬಾಡುತ್ತವೆ. ನಮ್ಮ ಕಾಡಿನ ಬಹುಪಾಲು ಮರಗಳಲ್ಲಿ ತಣ್ಣನೆಯ ದೇಶಗಳ ಮರಗಳಂತೆ ಸ್ಪಷ್ಟವಾದ ವರ್ಷದ ಉಂಗುರಗಳಿರುವುದಿಲ್ಲ. ಆದ್ದರಿಂದ ಅವುಗಳ ವಯಸ್ಸು ತಿಳಿಯಲು ಮತ್ತೆ ಮತ್ತೆ ಸುತ್ತಳತೆ ತೆಗೆಯುವುದು ಒಂದು ಮುಖ್ಯ ದಾರಿ.

ಎರಡು, ಇಂಗಾಲ. ಮುದಿಮರ ಬೆಳೆಯುವುದಿಲ್ಲ, ಎಳೆಮರವೇ ಹೆಚ್ಚು ಇಂಗಾಲ ಹೀರುತ್ತದೆ ಎಂಬ ಮಾತು ಕಚೇರಿಗಳಲ್ಲಿ ಆಗಾಗ ಕೇಳಿಬರುತ್ತದೆ. 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು 403 ಜಾತಿಯ ಮರಗಳನ್ನು ಪರಿಶೀಲಿಸಿ, ಬಹುತೇಕ ಎಲ್ಲ ಜಾತಿಗಳಲ್ಲೂ ಮರ ದೊಡ್ಡದಾದಷ್ಟೂ ಅದು ವರ್ಷಕ್ಕೆ ಕೂಡಿಸಿಕೊಳ್ಳುವ ತೂಕ ಹೆಚ್ಚುತ್ತಲೇ ಹೋಗುತ್ತದೆ ಎಂದು ತೋರಿಸಿತು. ಜಗತ್ತಿನ 48 ಅರಣ್ಯ ತಾಣಗಳನ್ನು ಕುರಿತ 2018ರ ಅಧ್ಯಯನದ ಪ್ರಕಾರ ಅತಿ ದಪ್ಪನೆಯ ಶೇ. 1ರಷ್ಟು ಮರಗಳಲ್ಲೇ ನೆಲದ ಮೇಲಿನ ಜೀವರಾಶಿಯ ಸುಮಾರು ಅರ್ಧಭಾಗ ಅಡಗಿದೆ. ನೂರರಲ್ಲಿ ಒಂದು ಮರ ಕಡಿದರೆ ನೂರರಲ್ಲಿ ಒಂದು ಪಾಲು ಹೋಯಿತು ಎನ್ನುವ ಲೆಕ್ಕ ಇಲ್ಲಿ ನಡೆಯದು.

ಮೂರು, ಪೊಟರೆ. ಮರದ ಜೀವ ಇರುವುದು ತೊಗಟೆಯ ಒಳಮೈಯಲ್ಲಿ ಮತ್ತು ಹೊರಪದರದ ಎಳೆಯ ಕಟ್ಟಿಗೆಯಲ್ಲಿ. ಒಳತಿರುಳು ಕೊಳೆತು ಪೊಳ್ಳಾದರೂ ಮರ ದಶಕಗಟ್ಟಲೆ ಬಾಳುತ್ತದೆ. ಮಂಗಟ್ಟೆ ತಾನಾಗಿ ಮರ ಕೊರೆಯಲಾರದು. ಹಳೆಮರ ಕೊಟ್ಟ ಪೊಟರೆಯೇ ಅದಕ್ಕೆ ಗತಿ. ಹೆಣ್ಣು ಒಳಗೆ ಕೂತು ಬಾಗಿಲು ಮುಚ್ಚಿಕೊಂಡರೆ, ಸೀಳುಗಂಡಿಯಿಂದ ಗಂಡು ಉಣಿಸಬೇಕು. ಗೂಡಿನ ಮರದ ಬುಡ ಕೆದಕಿ ನೋಡಿದರೆ ರಾಮಪತ್ರೆಯ ಬೀಜ, ಆಲ-ಬಸರಿಯ ಹಣ್ಣಿನ ಸಿಪ್ಪೆ ಸಿಗುತ್ತವೆ. ದಪ್ಪ ಬೀಜದ ಮರಗಳನ್ನು ಕಾಡಿನಾಚೆಗೆ ಒಯ್ದು ಬಿತ್ತುವ ಹಕ್ಕಿ ಇದು. ಹೆಜ್ಜೇನು ಗೂಡು ಕಟ್ಟುವುದೂ, ಸಿಂಗಳೀಕ ನೆಲಕ್ಕಿಳಿಯದೆ ಓಡಾಡುವುದೂ ಇಂಥ ಎತ್ತರದ ಮರಗಳನ್ನು ನಂಬಿಯೇ.

ನಾಲ್ಕು, ಬೀಜ. ಧೂಮ, ಸಾಲುಧೂಪ, ರಾಮಪತ್ರೆ ಜಾತಿಯ ಬೀಜಗಳು ಒಣಗಿದರೆ ಸತ್ತವೆಂದೇ ಅರ್ಥ. ಅವನ್ನು ರಾಗಿ ಭತ್ತದಂತೆ ವರ್ಷಗಟ್ಟಲೆ ಕೂಡಿಡಲಾಗದು. ತಾಯಿಮರ ಹೋದಲ್ಲಿ ಆ ಜಾತಿಯ ನಾಳೆಯೂ ಹೋಗುತ್ತದೆ.

ಐದು, ನೀರು. ಗೇರುಸೊಪ್ಪದಿಂದ ಮಾವಿನಗುಂಡಿಗೆ ಏರುವ ಘಟ್ಟದ ಆಸುಪಾಸಿನ ಕತ್ತಲೆಕಾನದಲ್ಲಿ ರಾಮಪತ್ರೆ ಜಡ್ಡಿಗಳಿವೆ, ಅಂದರೆ ಜೌಗು ಕಾಡುಗಳಿವೆ. ಕೆಸರಿನಿಂದ ಮೊಣಕಾಲಿನಂತೆ ಮೇಲೆದ್ದ ಉಸಿರುಬೇರುಗಳು, ಊರುಗೋಲಿನಂತೆ ಚಾಚಿದ ಆನಿಕೆ ಬೇರುಗಳು ಅಲ್ಲಿನ ವಿಶೇಷ. ಬೇರೆಡೆ ಹಳ್ಳ ಬತ್ತುವ ಏಪ್ರಿಲ್‌ನಲ್ಲೂ ಈ ಜಡ್ಡಿಯ ತೋಡುಗಳಲ್ಲಿ ನೀರು ಜಿನುಗುತ್ತದೆ. ಇಲ್ಲಿ ಪತ್ತೆಯಾದ ಗೇರು ಕುಟುಂಬದ ಒಂದು ಅಪರೂಪದ ಮರಕ್ಕೆ ವಿಜ್ಞಾನಿಗಳು ‘ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್’ ಎಂದು ಈ ಕಾನಿನದೇ ಹೆಸರಿಟ್ಟಿದ್ದಾರೆ. 2011ರಲ್ಲಿ ಘೋಷಣೆಯಾಗಿ, 2019ರಲ್ಲಿ ಶರಾವತಿ ಕಣಿವೆ ಅಭಯಾರಣ್ಯದೊಂದಿಗೆ ವಿಲೀನವಾದ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಈ ಸೀಮೆಗೆ ಆಸರೆಯಾಗಿದೆ. ಆದರೆ ಅದರ ಹೊರಗೆ, ಕಂದಾಯ ದಾಖಲೆಗಳಲ್ಲೇ ಉಳಿದುಹೋದ ಸಣ್ಣ ಕಾನುಗಳಿಗೆ ಆ ಆಸರೆಯೂ ಇಲ್ಲ.

ಆರು, ಅಂಚು. ಕಾಡು ಸೀಳಿ ರಸ್ತೆ ಅಥವಾ ವಿದ್ಯುತ್ ಮಾರ್ಗ ಹಾಯ್ದರೆ ಕಡಿದ ಮರಗಳಷ್ಟೇ ನಷ್ಟವಲ್ಲ. ಅಮೆಜಾನಿನ ತುಂಡುಕಾಡುಗಳ ಬಗ್ಗೆ 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾಡಿನಂಚಿನಿಂದ 300 ಮೀಟರ್ ಒಳಗಿನ ದೊಡ್ಡ ಮರಗಳು ಒಳಕಾಡಿನವುಗಳಿಗಿಂತ ಸುಮಾರು ಮೂರು ಪಟ್ಟು ವೇಗವಾಗಿ ಸತ್ತವು. ಗಾಳಿಗೆ, ಒಣಹವೆಗೆ ಮೊದಲು ಮೈಯೊಡ್ಡುವುದು ಎತ್ತರದ ಮರ. ಮಳೆ ಕೈಕೊಟ್ಟ ವರ್ಷವೂ ಹೆಚ್ಚು ಪೆಟ್ಟು ತಿನ್ನುವುದು ಅದೇ.

ನಮ್ಮ ಬೇಡಿಕೆಗಳು

ಮೇಲ್ಕಂಡ ಕಾರಣಗಳಿಂದ ಮಂಡಳಿಯು ಈ ಕೆಳಗಿನ ಕ್ರಮಗಳನ್ನು ಕೈಗೊಳ್ಳಬೇಕೆಂದು ಆಗ್ರಹಪೂರ್ವಕವಾಗಿ ಕೋರುತ್ತೇವೆ.

1. ಎದೆಮಟ್ಟದಲ್ಲಿ, ಅಂದರೆ ನೆಲದಿಂದ 1.37 ಮೀಟರ್ ಎತ್ತರದಲ್ಲಿ, 3 ಮೀಟರಿಗಿಂತ ಹೆಚ್ಚು ಸುತ್ತಳತೆ ಇರುವ ಪ್ರತಿಯೊಂದು ಕಾನುಮರವನ್ನು ಒಂದು ವರ್ಷದೊಳಗೆ ಗಣತಿ ಮಾಡಬೇಕು. ಬುಡದಲ್ಲಿ ಹಲಗೆಬೇರು ಚಾಚಿದ ಮರಗಳನ್ನು ಬೇರಿನ ಮೇಲ್ಗಡೆ ಅಳೆಯಬೇಕು. ಮರಕ್ಕೆ ಮೊಳೆ ಹೊಡೆಯಬಾರದು.

2. ಈ ಪಟ್ಟಿಯನ್ನು ಆಯಾ ಗ್ರಾಮ ಪಂಚಾಯತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಮೂಲಕ ಜನತಾ ಜೀವವೈವಿಧ್ಯ ದಾಖಲಾತಿಗೆ ಸೇರಿಸಿ, ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಬೇಕು.

3. ಮಹಾವೃಕ್ಷಗಳು ಹೆಚ್ಚಿರುವ ಕಾನುಗಳನ್ನು ಜೈವಿಕ ವೈವಿಧ್ಯ ಕಾಯ್ದೆ 2002ರ 37ನೇ ಕಲಮಿನಡಿ ಜೀವವೈವಿಧ್ಯ ಪಾರಂಪರಿಕ ತಾಣಗಳೆಂದು ಘೋಷಿಸಲು ಸರ್ಕಾರಕ್ಕೆ ಶಿಫಾರಸು ಮಾಡಬೇಕು. 2007ರಲ್ಲಿ ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಸೆ ತೋಪನ್ನು ದೇಶದ ಮೊದಲ ಪಾರಂಪರಿಕ ತಾಣವಾಗಿಸಿದ ರಾಜ್ಯ ನಮ್ಮದು. ಹಳೆಮರಗಳ ಬೆಲೆ ಈ ಮಂಡಳಿಗೆ ಹೊಸತಲ್ಲ.

4. ಕಂದಾಯ ದಾಖಲೆಗಳಲ್ಲಿರುವ ಕಾನುಗಳನ್ನು ಅರಣ್ಯ ಮತ್ತು ಕಂದಾಯ ಇಲಾಖೆಗಳು ಜಂಟಿಯಾಗಿ ಅಳತೆ ಮಾಡಿ, ಗಡಿಕಲ್ಲು ನೆಟ್ಟು, ಯಾವ ಉದ್ದೇಶಕ್ಕೂ ಮಂಜೂರು ಮಾಡದಂತೆ ತಡೆಯಬೇಕು.

5. ಪಟ್ಟಿಯಲ್ಲಿರುವ ಮರಗಳ ಸುತ್ತ ಹೊಸ ರಸ್ತೆ, ವಿದ್ಯುತ್ ಮಾರ್ಗ, ಗಣಿ ಅಥವಾ ಅಗೆತಕ್ಕೆ ಅವಕಾಶವಿಲ್ಲದ ರಕ್ಷಣಾ ವಲಯ ಗುರುತಿಸಬೇಕು. ಯೋಜನೆ ಅನಿವಾರ್ಯವಾದಲ್ಲಿ ಮೊದಲು ಅದರ ದಾರಿ ಬದಲಾಗಬೇಕು.

6. ‘ಪೊಳ್ಳು’ ಎಂಬ ಒಂದೇ ಕಾರಣಕ್ಕೆ ಮಹಾವೃಕ್ಷ ಕಡಿಯಬಾರದು. ಪೊಟರೆಯಲ್ಲಿ ಗೂಡಿದೆಯೇ ಎಂದು ಸ್ಥಳೀಯ ಸಮಿತಿಯ ಎದುರಿನಲ್ಲೇ ಪರಿಶೀಲನೆ ನಡೆಯಬೇಕು. ಮಂಗಟ್ಟೆ ಗೂಡಿನಲ್ಲಿರುವ ಬೇಸಿಗೆಯ ತಿಂಗಳುಗಳಲ್ಲಿ ಕಡಿತ ಪೂರ್ಣವಾಗಿ ನಿಲ್ಲಬೇಕು.

7. ಸಸಿ ನೆಡುವುದನ್ನು ಮಹಾವೃಕ್ಷದ ಪರಿಹಾರವೆಂದು ಒಪ್ಪಬಾರದು. ಈ ಮಾತನ್ನು ಮಂಡಳಿ ತನ್ನ ಅಭಿಪ್ರಾಯವಾಗಿ ಸರ್ಕಾರಕ್ಕೆ ಲಿಖಿತವಾಗಿ ತಿಳಿಸಬೇಕು.

8. ತಾನಾಗಿ ಬಿದ್ದ ಮರವನ್ನು ಕಾನಿನೊಳಗಿಂದ ಸಾಗಿಸಬಾರದು. ಕೊಳೆಯುವ ದಿಮ್ಮಿ ಅಣಬೆಗೆ, ಹುಳಕ್ಕೆ, ಮುಂದಿನ ಸಸಿಗೆ ಬೇಕು.

9. ತಾಯಿಮರಗಳ ಬೀಜವನ್ನು ಉದುರಿದ ಕೆಲವೇ ದಿನಗಳಲ್ಲಿ ಬಿತ್ತುವ ಕಾನು ನರ್ಸರಿಗಳನ್ನು ಊರ ಮಹಿಳಾ ಸ್ವಸಹಾಯ ಸಂಘಗಳಿಗೆ ವಹಿಸಬೇಕು. ಬಿದ್ದ ಬೀಜ ಯಾವುದು, ಯಾವಾಗ ಬಿದ್ದಿತೆಂಬುದನ್ನು ಹೇಳಬಲ್ಲವರು ಅವರೇ.

10. ಐದು ವರ್ಷಕ್ಕೊಮ್ಮೆ ಮರಗಳನ್ನು ಮತ್ತೆ ಅಳೆಯುವ ಕಾಯಂ ತಾಕುಗಳನ್ನು ನಮ್ಮ ಸೀಮೆಯಲ್ಲೂ ಸ್ಥಾಪಿಸಿ, ಊರಿನ ಯುವಕ ಯುವತಿಯರಿಗೆ ಅಳತೆಯ ತರಬೇತಿ ಕೊಡಬೇಕು.

11. ಘೋಷಣೆಯಿಂದ ಉಪ್ಪಾಗೆ, ಮುರುಗಲು, ಜೇನು ಸಂಗ್ರಹಿಸುವವರ ಬದುಕಿಗೆ ಅಡ್ಡಿಯಾಗಬಾರದು. ಬಾಧಿತರಾದವರಿಗೆ ಪರಿಹಾರ ಯೋಜನೆ ರೂಪಿಸಲು 37ನೇ ಕಲಮಿನಲ್ಲೇ ಅವಕಾಶವಿದೆ. ಕೊಂಬೆ ಕಡಿದು ಕಾಯಿ ಕೊಯ್ಯುವುದನ್ನೂ, ಬುಡಕ್ಕೆ ಬೆಂಕಿಯಿಟ್ಟು ಧೂಪ ಇಳಿಸುವುದನ್ನೂ ತಡೆಯುವ ಹೊಣೆ ನಮ್ಮದು ಎಂದು ಈ ಮೂಲಕ ಒಪ್ಪಿಕೊಳ್ಳುತ್ತೇವೆ.

ಮಾನ್ಯರೇ, ನಾವು ಕೇಳುತ್ತಿರುವುದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಒಂದು ಅಳತೆ ಪಟ್ಟಿ, ಒಂದು ದಾಖಲೆ ಪುಸ್ತಕ, ಒಂದು ಅಧಿಸೂಚನೆ ಸಾಕು. ಹಣ ಕೊಟ್ಟು ತರಲಾಗದ ಒಂದೇ ವಸ್ತು ಈ ಮರಗಳಲ್ಲಿದೆ, ಅದು ಕಾಲ. ಅದನ್ನು ಯಾವ ನರ್ಸರಿಯೂ ಬೆಳೆಸಲಾರದು. ಮಂಡಳಿಯ ಸದಸ್ಯರು ಮುಂದಿನ ಮಳೆಗಾಲಕ್ಕೆ ಮೊದಲು ನಮ್ಮ ಕಾನಿಗೆ ಬಂದು ಆ ಧೂಮದ ಮರದ ಬುಡದಲ್ಲಿ ನಮ್ಮೊಂದಿಗೆ ಸಭೆ ನಡೆಸಬೇಕು, ಅಲ್ಲಿಂದಲೇ ಗಣತಿ ಆರಂಭಿಸಬೇಕು ಎಂದು ಕೈಮುಗಿದು ವಿನಂತಿಸುತ್ತೇವೆ.



ತಮ್ಮ ವಿಶ್ವಾಸಿಗಳು,
ಕಾನಂಚಿನ ಊರುಗಳ ನಿವಾಸಿಗಳ ಪರವಾಗಿ ಸಹಿದಾರರು

ಸ್ಥಳ: ಸಿದ್ದಾಪುರ, ಉತ್ತರ ಕನ್ನಡ ಜಿಲ್ಲೆ

ಲಗತ್ತು: ಗ್ರಾಮಸ್ಥರ ಸಹಿಗಳು, ನಾವು ಅಳೆದ ಮರಗಳ ಪಟ್ಟಿ.

ಪ್ರತಿ: ಉತ್ತರ ಕನ್ನಡ ಮತ್ತು ಶಿವಮೊಗ್ಗ ಜಿಲ್ಲಾಧಿಕಾರಿಗಳಿಗೆ, ಮಾಹಿತಿಗಾಗಿ ಹಾಗೂ ಸೂಕ್ತ ಕ್ರಮಕ್ಕಾಗಿ.