ಕಾಲೇಜಿನಲ್ಲಿ ಲೈಂಗಿಕತೆ ಕಲಿಸಿದರೆ ಮಕ್ಕಳು ಹಾಳಾಗುತ್ತಾರಾ?

ಹೀಗೊಂದು ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಈ ಭಯ ಹೊಸದಲ್ಲ. 2007ರಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಶಾಲೆಗಳಲ್ಲಿನ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ತಡೆದಿದ್ದವು.

ಪಾಠ ನಿಂತರೂ ಪ್ರಶ್ನೆ ನಿಲ್ಲುವುದಿಲ್ಲ. ಬರಗೂರಿನಿಂದ ಸಿರಾಕ್ಕೋ ತುಮಕೂರಿಗೋ ಡಿಗ್ರಿ ಓದಲು ಹೋಗುವ ಹುಡುಗ ಉತ್ತರ ಹುಡುಕುವುದು ಮೊಬೈಲಿನಲ್ಲಿ, ಇಲ್ಲವೇ ಗೋಡೆ ಮೇಲಿನ ‘ಗುಪ್ತರೋಗ’ ಜಾಹೀರಾತಿನಲ್ಲಿ.

ಅಲ್ಲಿ ಸಿಗುವ ಹಳೇ ಸುಳ್ಳು: ‘ಒಂದು ಹನಿ ವೀರ್ಯ 40 ಹನಿ ರಕ್ತಕ್ಕೆ ಸಮ.’

ನಿಜ ಏನು? ವೀರ್ಯ ರಕ್ತದಿಂದ ಇಳಿದು ಬರುವುದಲ್ಲ. ವೀರ್ಯಾಣುಗಳು ವೃಷಣದಲ್ಲಿ ದಿನವೂ ಹುಟ್ಟುತ್ತವೆ. ದ್ರವದ ಬಹುಪಾಲು ಬೇರೆ ಗ್ರಂಥಿಗಳದ್ದು. ವೀರ್ಯ ಹೋದರೆ ಶಕ್ತಿ ಹೋಯಿತೆಂಬ ಭಯದಿಂದಲೇ ಸುಸ್ತು, ಆತಂಕಕ್ಕೆ ಬೀಳುವುದನ್ನು ಮನೋವೈದ್ಯರು ‘ಧಾತ್ ಸಿಂಡ್ರೋಮ್’ ಎನ್ನುತ್ತಾರೆ.

ಕಾಲೇಜಿನಲ್ಲಿ ಈ ಓದು ಅಸಾಧ್ಯವೇನಲ್ಲ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರಜ್ಞ ಆಲ್ಫ್ರೆಡ್ ಕಿನ್ಸಿ 1938ರಲ್ಲೇ ವಿವಾಹ ಕುರಿತ ಕೋರ್ಸ್ ನಡೆಸಿದರು. ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಉತ್ತರಿಸಲು ಮಾಹಿತಿಯೇ ಸಾಲದಾದಾಗ, ಸಾವಿರಾರು ಜನರನ್ನು ಸಂದರ್ಶಿಸಿ ಕಲೆಹಾಕಿದರು. ನಮ್ಮಲ್ಲಿ ವೈದ್ಯೆ ಅನುಪಮಾ ನಿರಂಜನ ‘ದಾಂಪತ್ಯ ದೀಪಿಕೆ’ಯನ್ನು ಕನ್ನಡದಲ್ಲೇ ಬರೆದರು.

ಹಾಳಾಗುತ್ತಾರೆಂಬ ಮಾತಿಗೆ ಆಧಾರವಿದೆಯೇ? ಹಲವು ದೇಶಗಳ ಅಧ್ಯಯನ ನೋಡಿ ಯುನೆಸ್ಕೋ 2018ರಲ್ಲಿ ಹೇಳಿದ್ದು: ಇಂಥ ಶಿಕ್ಷಣದಿಂದ ಲೈಂಗಿಕ ಚಟುವಟಿಕೆ ಹೆಚ್ಚುವುದಿಲ್ಲ.

ಹಾಗಾಗಿ ಆ ಸಂದೇಶವನ್ನು ಮುಂದೆ ಕಳಿಸಬೇಡಿ. ಅನುಮಾನವಿದ್ದರೆ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಕೇಳೋಣ, ನಾಚಿಕೆ ಪಡುವಂಥದ್ದೇನಿಲ್ಲ.